ಶಿಷ್ಯವೇತನ ಮತ್ತು ಶಿಶುಕಲ್ಯಾಣ

‘ಶಿಷ್ಯವೇತನ’ ಎಂಬ ಸಮಸ್ತಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಒಂದು ಸಣ್ಣ ವಿರೋಧ ಕಾಣುತ್ತದೆ. ವೇತನವೆಂಬುದು ಮಾಡಿದ ಕೆಲಸಕ್ಕೆ ಸಲ್ಲುವ ಪ್ರತಿಫಲ. ಶಿಷ್ಯನಾದರೋ ಇನ್ನೂ ಕಲಿಯುತ್ತಿರುವವನು, ಕೆಲಸಕ್ಕೆ ಕೈಹಾಕದವನು. ಮಾಡದ ಕೆಲಸಕ್ಕೆ ವೇತನವೆಲ್ಲಿಯದು? ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಟೈಪೆಂಡ್’ ಎಂಬ ಮಾತಿದೆ. ಅದು ಲ್ಯಾಟಿನ್ ಭಾಷೆಯ ‘ಸ್ಟಿಪೆಂಡಿಯಂ’ ಎಂಬುದರಿಂದ ಬಂದದ್ದು. ‘ಸ್ಟಿಪ್ಸ್’ ಎಂದರೆ ಚಿಲ್ಲರೆ ನಾಣ್ಯದ ಕಾಣಿಕೆ, ‘ಪೆಂಡೆರೆ’ ಎಂದರೆ ತೂಗಿ ಕೊಡುವುದು. ರೋಮನರು ತಮ್ಮ ಸೈನಿಕರಿಗೆ ಸಲ್ಲಿಸುತ್ತಿದ್ದ ಸಂಬಳಕ್ಕೆ ಆ ಹೆಸರಿತ್ತು. ಎರಡು ಭಾಷೆಗಳಲ್ಲಿಯೂ ಪದದ ಒಡಲಿನಲ್ಲಿ ಸೇವೆಯ ಅರ್ಥ ಅಡಗಿರುವುದನ್ನು ಗಮನಿಸಬೇಕು. ಶಿಷ್ಯವೇತನವು ದಾನವಲ್ಲ, ಮುಂದೆ ಸಲ್ಲಬೇಕಾದ ಸೇವೆಗೆ ಮುಂಗಡವಾಗಿ ತೂಗಿಕೊಟ್ಟ ವೇತನ.

ಪದದ ಈ ಅರ್ಥವನ್ನು ಅಕ್ಷರಶಃ ಶಾಸನಬದ್ಧವಾಗಿ ಆಚರಣೆಗೆ ತಂದ ಒಂದು ವ್ಯವಸ್ಥೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ಅನಾಥ, ಪರಿತ್ಯಕ್ತ ಮತ್ತು ಪೀಡಿತ ಮಕ್ಕಳ ರಕ್ಷಣೆಯ ಕಾರ್ಯಕ್ಕೆ ಹೋಗಲಿರುವ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಅಲ್ಲಿ ಸರ್ಕಾರದ ಹಣದಿಂದ ಶಿಷ್ಯವೇತನ ದೊರೆಯುತ್ತದೆ. ಪ್ರತಿಯಾಗಿ ಆ ವಿದ್ಯಾರ್ಥಿಯು ವ್ಯಾಸಂಗ ಮುಗಿದ ಮೇಲೆ ಇಂತಿಷ್ಟು ಕಾಲ ಆ ಮಕ್ಕಳ ಸೇವೆ ಮಾಡುವೆನೆಂದು ಕರಾರುಪತ್ರ ಬರೆದುಕೊಡುತ್ತಾನೆ. ಈ ಏರ್ಪಾಡು ಹುಟ್ಟಿದ ಬಗೆ, ನಡೆಯುವ ಕ್ರಮ ಮತ್ತು ಅದರ ಎಲ್ಲೆಗಳನ್ನು ತಿಳಿಯುವುದು, ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡುತ್ತ ಬಂದಿರುವ ನಾಡಿನವರಿಗೆ ಅಪ್ರಕೃತವೆನಿಸದು.

ಮೊದಲು ಪೂರ್ವಕಥೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ತಂದೆತಾಯಿಗಳ ಆಸರೆಯಿಲ್ಲದ ಮಕ್ಕಳು ಸಾವಿರಗಟ್ಟಲೆ ಅಲೆಯುತ್ತಿದ್ದರು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಧರ್ಮೋಪದೇಶಕನು 1853ರಲ್ಲಿ ಅಂಥವರಿಗಾಗಿ ಒಂದು ಸಹಾಯ ಸಂಘವನ್ನು ಸ್ಥಾಪಿಸಿದನು. ಮರುವರ್ಷದಿಂದ ಆ ಸಂಘವು ಮಕ್ಕಳನ್ನು ರೈಲುಗಳಲ್ಲಿ ಕೂಡಿಸಿ ಪಶ್ಚಿಮದ ಕೃಷಿಪ್ರದೇಶಗಳಿಗೆ ಕಳುಹಿಸತೊಡಗಿತು. ನಿಲ್ದಾಣ ನಿಲ್ದಾಣಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಊರಿನ ಒಕ್ಕಲುಗಳು ಬಂದು ತಮಗೆ ಬೇಕಾದವರನ್ನು ಆರಿಸಿ ಕರೆದೊಯ್ಯುತ್ತಿದ್ದರು. 1929ರವರೆಗೂ ನಡೆದ ಈ ಕ್ರಮದಲ್ಲಿ ಸುಮಾರು 2 ಲಕ್ಷ ಮಕ್ಕಳು ಸ್ಥಳಾಂತರಗೊಂಡರೆಂದು ಅಂದಾಜು. ಅವರಲ್ಲಿ ಕೆಲವರಿಗೆ ಮಮತೆಯ ಮನೆ ದೊರಕಿತು. ಕೆಲವರಿಗೆ ದುಡಿಮೆಯ ನೊಗ ಮಾತ್ರ ದೊರಕಿತು. ಯಾವ ಮಗುವಿಗೆ ಯಾವುದು ದೊರಕಿತೆಂದು ಹೋಗಿ ನೋಡುವ ತರಬೇತಾದ ಕಣ್ಣುಗಳು ಬಹಳ ಕಡಿಮೆ ಇದ್ದವು. ಸದುದ್ದೇಶವಿದ್ದರೆ ಸಾಲದು, ತಿಳಿವಳಿಕೆಯೂ ಬೇಕೆಂಬ ಪಾಠವನ್ನು ಆ ರೈಲುಗಳು ಕಲಿಸಿದವು.

ಆ ತಿಳಿವಳಿಕೆಯನ್ನು ಶಾಸ್ತ್ರವಾಗಿ ಕಲಿಸುವ ಪ್ರಯತ್ನ 1898ರಲ್ಲಿ ನ್ಯೂಯಾರ್ಕಿನ ಒಂದು ಬೇಸಗೆ ಶಿಬಿರದಿಂದ ಆರಂಭವಾಯಿತು. ಅದೇ ಮುಂದೆ ಬೆಳೆದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಯಿತು. 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕರೆದ ಸಮ್ಮೇಳನವು, ಕೇವಲ ಬಡತನದ ಕಾರಣದಿಂದ ಮಗುವನ್ನು ಅದರ ಮನೆಯಿಂದ ಅಗಲಿಸಬಾರದೆಂಬ ತತ್ತ್ವವನ್ನು ಸಾರಿತು. 1912ರಲ್ಲಿ ಒಕ್ಕೂಟ ಸರ್ಕಾರವು ಮಕ್ಕಳಿಗಾಗಿಯೇ ‘ಚಿಲ್ಡ್ರನ್ಸ್ ಬ್ಯೂರೋ’ ಎಂಬ ಇಲಾಖೆಯನ್ನು ತೆರೆದು, ಜೂಲಿಯಾ ಲೇಥ್ರಾಪ್ ಎಂಬ ಮಹಿಳೆಯನ್ನು ಅದರ ಮುಖ್ಯಸ್ಥೆಯನ್ನಾಗಿ ನೇಮಿಸಿತು. 1935ರ ಸಾಮಾಜಿಕ ಭದ್ರತಾ ಕಾಯಿದೆಯು ಶಿಶುಕಲ್ಯಾಣಕ್ಕೆ ಒಕ್ಕೂಟದ ಹಣವನ್ನು ರಾಜ್ಯಗಳಿಗೆ ಹರಿಯಿಸಿತು. 1962ರ ತಿದ್ದುಪಡಿಗಳು ಈ ಕ್ಷೇತ್ರದ ಕಾರ್ಯಕರ್ತರನ್ನು ತಯಾರಿಸುವ ಸಲುವಾಗಿ ವಿಶ್ವವಿದ್ಯಾಲಯಗಳಿಗೂ ಅನುದಾನ ನೀಡಲು ಅವಕಾಶ ಕಲ್ಪಿಸಿದವು.

ಅದೇ 1962ರಲ್ಲಿ ಹೆನ್ರಿ ಕೆಂಪ್ ಎಂಬ ಮಕ್ಕಳ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದನು. ಆಸ್ಪತ್ರೆಗೆ ಬರುವ ಮಕ್ಕಳ ಮುರಿದ ಮೂಳೆಗಳಿಗೂ ತಲೆಯ ಪೆಟ್ಟುಗಳಿಗೂ ಹಲವು ಸಲ ಹೆತ್ತವರ ಅಥವಾ ಪಾಲಕರ ಹೊಡೆತವೇ ಕಾರಣವೆಂಬ ಕಹಿ ಸತ್ಯವನ್ನು ಅದು ಜನರ ಮುಂದಿಟ್ಟಿತು. ಕೆಲವೇ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಇಂಥ ಸಂದೇಹ ಬಂದಾಗ ವೈದ್ಯರೇ ಮೊದಲಾದವರು ವರದಿ ಮಾಡಲೇಬೇಕೆಂದು ಕಾನೂನು ಮಾಡಿದವು. 1974ರಲ್ಲಿ ಒಕ್ಕೂಟದ ಕಾಯಿದೆಯೂ ಬಂದಿತು. ವರದಿಗಳು ಪ್ರವಾಹದಂತೆ ಬಂದವು. ಅವನ್ನು ವಿಚಾರಿಸಬಲ್ಲ ಶಿಕ್ಷಿತ ಜನ ಮಾತ್ರ ಅದೇ ಪ್ರಮಾಣದಲ್ಲಿ ಬರಲಿಲ್ಲ. ಹೀಗಾಗಿ ಅನೇಕ ಕಚೇರಿಗಳು ಸಮಾಜಕಾರ್ಯದ ಪದವಿಯಿಲ್ಲದವರನ್ನೂ ನೇಮಿಸಿಕೊಂಡು ಕೆಲಸ ಸಾಗಿಸಬೇಕಾಯಿತು.

ಈ ಕೊರತೆಯನ್ನು ತುಂಬುವ ದಾರಿಯನ್ನು ತೆರೆದದ್ದು 1980ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ದತ್ತುಸಹಾಯ ಮತ್ತು ಶಿಶುಕಲ್ಯಾಣ ಕಾಯಿದೆ. ಅದು ಸಾಮಾಜಿಕ ಭದ್ರತಾ ಕಾಯಿದೆಗೆ ‘ನಾಲ್ಕು-ಇ’ ಎಂಬ ಹೊಸ ಅಧ್ಯಾಯವನ್ನು ಸೇರಿಸಿತು. ಮನೆಯಿಂದ ಅಗಲಿಸಲ್ಪಟ್ಟು ಪೋಷಕ ಕುಟುಂಬಗಳಲ್ಲಿ ಇರಿಸಲ್ಪಟ್ಟ ಮಕ್ಕಳ ವೆಚ್ಚಕ್ಕೆ ಒಕ್ಕೂಟದ ನೆರವನ್ನು ವಿಧಿಸುವುದು ಆ ಅಧ್ಯಾಯದ ಮುಖ್ಯ ಕಾರ್ಯ. ಅದರೊಳಗೆ ಒಂದು ಉಪವಾಕ್ಯವಿದೆ: ಈಗಾಗಲೇ ಕೆಲಸದಲ್ಲಿರುವವರ ತರಬೇತಿಗೂ, ಕೆಲಸಕ್ಕೆ ಸಿದ್ಧರಾಗುತ್ತಿರುವವರ ತರಬೇತಿಗೂ ರಾಜ್ಯವು ಮಾಡುವ ವೆಚ್ಚದಲ್ಲಿ ನೂರಕ್ಕೆ 75 ಭಾಗವನ್ನು ಒಕ್ಕೂಟವು ಮರಳಿಸತಕ್ಕದ್ದು. ‘ಸಿದ್ಧರಾಗುತ್ತಿರುವವರು’ ಎಂಬ ಆ ಒಂದು ಮಾತಿನ ಮೇಲೆಯೇ ಇಂದಿನ ಶಿಷ್ಯವೇತನದ ಕಟ್ಟಡವೆಲ್ಲ ನಿಂತಿದೆ. ವಿಶ್ವವಿದ್ಯಾಲಯಗಳು ಅದರ ಪೂರ್ಣ ಪ್ರಯೋಜನ ಪಡೆಯಲು ಸುಮಾರು ಹತ್ತು ವರ್ಷ ಹಿಡಿಯಿತು. 1990ರಲ್ಲಿ ಕ್ಯಾಲಿಫೋರ್ನಿಯಾದ ಸಮಾಜಕಾರ್ಯ ಶಾಲೆಗಳು, ಕೌಂಟಿಗಳೆಂದರೆ ಅಲ್ಲಿಯ ಜಿಲ್ಲೆಗಳ ಕಲ್ಯಾಣಾಧಿಕಾರಿಗಳು, ವೃತ್ತಿಸಂಘದವರು ಒಂದುಗೂಡಿ ಬರ್ಕ್ಲಿಯಲ್ಲಿ ‘ಕ್ಯಾಲ್‌ಸ್ವೆಕ್’ ಎಂಬ ಸಂಯುಕ್ತ ಕೇಂದ್ರವನ್ನು ಸ್ಥಾಪಿಸಿದರು. 1995ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಜಿಲ್ಲಾ ಕಚೇರಿಗಳಲ್ಲಿ ಆಗಲೇ ದುಡಿಯುತ್ತಿದ್ದವರನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ಕಳುಹಿಸುವ ಯೋಜನೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮೊದಲಾಯಿತು. 2001ರಲ್ಲಿ ಪದವಿ ತರಗತಿಯವರಿಗೂ ಅಂಥದೇ ಯೋಜನೆ ಬಂದಿತು. ಇತರ ಅನೇಕ ರಾಜ್ಯಗಳೂ ತಮ್ಮ ತಮ್ಮ ರೀತಿಯಲ್ಲಿ ಇದೇ ದಾರಿ ಹಿಡಿದಿವೆ.

ಇನ್ನು ಇದು ನಡೆಯುವ ಕ್ರಮ. ಆಯ್ಕೆಯಾದ ವಿದ್ಯಾರ್ಥಿಯು ಸಾಮಾನ್ಯವಾಗಿ ಎರಡು ವರ್ಷಗಳ ಸಮಾಜಕಾರ್ಯ ಸ್ನಾತಕೋತ್ತರ ಪದವಿಗೆ ಓದುತ್ತಾನೆ. ತರಗತಿಯಲ್ಲಿ ಮಗುವಿನ ಬೆಳವಣಿಗೆ, ಕುಟುಂಬದ ಸ್ವರೂಪ, ಕಾನೂನು, ಮದ್ಯ ಮತ್ತು ಮಾದಕ ದ್ರವ್ಯಗಳಿಂದಾಗುವ ಹಾನಿ ಮೊದಲಾದ ವಿಷಯಗಳ ಪಾಠ. ವಾರದ ಉಳಿದ ದಿನಗಳಲ್ಲಿ ಜಿಲ್ಲಾ ಶಿಶುಕಲ್ಯಾಣ ಕಚೇರಿಯಲ್ಲಿ ಅನುಭವಿಗಳ ಕೈಕೆಳಗೆ ಕ್ಷೇತ್ರಕಾರ್ಯ. ದೂರು ಬಂದ ಮನೆಯ ಬಾಗಿಲನ್ನು ತಟ್ಟುವುದು ಹೇಗೆ, ಹೆದರಿದ ಮಗುವಿನೊಡನೆ ಮಾತನಾಡುವುದು ಹೇಗೆ, ಸಿಟ್ಟಿಗೆದ್ದ ತಂದೆಯ ಮುಂದೆ ಕುಳಿತುಕೊಳ್ಳುವುದು ಹೇಗೆ, ನ್ಯಾಯಾಲಯಕ್ಕೆ ವರದಿ ಬರೆಯುವುದು ಹೇಗೆ, ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಗುರುವಿನ ಬಳಿಯಿದ್ದು ಕಣ್ಣಾರೆ ಕಂಡು ಕಲಿಯಬೇಕಾದವು. ಕ್ಯಾಲಿಫೋರ್ನಿಯಾದ ಯೋಜನೆಯಲ್ಲಿ ಆಗಲೇ ಜಿಲ್ಲಾ ಕಚೇರಿಯಲ್ಲಿ ದುಡಿಯುತ್ತಿರುವವರಿಗೂ, ಸೇವೆ ಪಡೆಯುವ ಜನಸಮುದಾಯಗಳ ಭಾಷೆ ಮತ್ತು ಸಂಸ್ಕೃತಿಗಳನ್ನು ಒಳಗಿನಿಂದ ಬಲ್ಲವರಿಗೂ ಆದ್ಯತೆಯುಂಟು. ಇದಕ್ಕೆ ಕಾರಣವಿದೆ. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ಅವರ ಕುಲದಿಂದ ಕಿತ್ತು ಅನ್ಯರ ಮನೆಗಳಲ್ಲಿರಿಸಿದ ಅನ್ಯಾಯವು ಎಷ್ಟು ವ್ಯಾಪಕವಾಗಿತ್ತೆಂದರೆ, ಅದನ್ನು ತಡೆಯಲು 1978ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಮನೆಯ ಮಾತು ತಿಳಿಯದವನಿಗೆ ಮನೆಯ ನೋವು ತಿಳಿಯುವುದು ಕಷ್ಟ.

ಕರಾರಿನ ಅಂಶಗಳು ಒಕ್ಕೂಟದ ನಿಯಮಾವಳಿಯಲ್ಲಿಯೇ ಇವೆ. ನೆರವು ಪಡೆದ ಕಾಲ ಎಷ್ಟೋ, ಕಡಮೆಯೆಂದರೆ ಅಷ್ಟೇ ಕಾಲ ವಿದ್ಯಾರ್ಥಿಯು ಶಿಶುಕಲ್ಯಾಣದ ಕಚೇರಿಯಲ್ಲಿ ಸೇವೆ ಸಲ್ಲಿಸಬೇಕು. ಎರಡು ವರ್ಷ ಪಡೆದವನು ಎರಡು ವರ್ಷ, ಒಂದು ವರ್ಷ ಪಡೆದವನು ಒಂದು ವರ್ಷ. ಮಾತು ತಪ್ಪಿದವನಿಂದ ಹಣವನ್ನು ಮರಳಿ ವಸೂಲು ಮಾಡಲಾಗುತ್ತದೆ. ಆದರೆ ಈ ಬಂಧನ ಏಕಮುಖವಾದುದಲ್ಲ. ವ್ಯಾಸಂಗ ಮುಗಿದ ಎರಡು ತಿಂಗಳೊಳಗೆ ಕಚೇರಿಯು ಕೆಲಸವನ್ನು ನೀಡಿದರೆ ಮಾತ್ರ ವಿದ್ಯಾರ್ಥಿ ಬದ್ಧನು. ಅಂತೆಯೇ ಕಚೇರಿಯೂ, ಹುದ್ದೆಗಳು ತಡೆಹಿಡಿಯಲ್ಪಟ್ಟಿರುವುದೇ ಮೊದಲಾದ ಅಡ್ಡಿಗಳಿಲ್ಲದಿದ್ದರೆ, ಅವನಿಗೆ ಕೆಲಸ ನೀಡಬೇಕು. ಕೊಡುವವನೂ ಕೊಳ್ಳುವವನೂ ಒಂದೇ ಪತ್ರಕ್ಕೆ ಒಳಪಟ್ಟಿರುವುದು ಈ ವ್ಯವಸ್ಥೆಯ ಗೌರವವನ್ನು ಹೆಚ್ಚಿಸಿದೆ.

ಹಣದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ನೂರಕ್ಕೆ 75 ಎಂಬ ಮಾತು ಕೇಳಲು ಉದಾರವಾಗಿದೆ. ಆದರೆ ಅದು ಇಡೀ ವೆಚ್ಚಕ್ಕೆ ಅನ್ವಯಿಸುವುದಿಲ್ಲ. ಪೋಷಣೆಯಲ್ಲಿರುವ ಮಕ್ಕಳಲ್ಲಿ ಎಷ್ಟು ಪಾಲು ಮಕ್ಕಳು ‘ನಾಲ್ಕು-ಇ’ ಅಧ್ಯಾಯದ ನೆರವಿಗೆ ಅರ್ಹರೋ ಅಷ್ಟು ಪಾಲಿಗೆ ಮಾತ್ರ ಅನ್ವಯ. ಉದಾಹರಣೆಗೆ, ಒಂದು ರಾಜ್ಯದಲ್ಲಿ 100 ಮಕ್ಕಳಲ್ಲಿ 60 ಮಕ್ಕಳು ಅರ್ಹರೆಂದು ಇಟ್ಟುಕೊಂಡರೆ, 100 ಡಾಲರ್ ವೆಚ್ಚದಲ್ಲಿ 60 ಡಾಲರ್ ಮಾತ್ರ ಗಣನೆಗೆ ಬರುತ್ತದೆ. ಅದರ ಮುಕ್ಕಾಲು ಪಾಲು, ಎಂದರೆ 45 ಡಾಲರ್, ಒಕ್ಕೂಟದಿಂದ ಮರಳುತ್ತದೆ. ಮಿಕ್ಕ 55 ಡಾಲರನ್ನು ರಾಜ್ಯವೋ ವಿಶ್ವವಿದ್ಯಾಲಯವೋ ಹೊರಬೇಕು. ಮಗುವಿನ ಅರ್ಹತೆಯನ್ನು ಅಳೆಯುವ ಕೋಲಾದರೋ, 1996ರ ಜುಲೈ 16ರಂದು ಜಾರಿಯಲ್ಲಿದ್ದ ಬಡತನದ ಆದಾಯಮಿತಿ. ಬೆಲೆಗಳು ಏರಿದವು, ಕೂಲಿಗಳು ಏರಿದವು. ಆ ಕೋಲು ಮಾತ್ರ ಏರಲಿಲ್ಲ. ಬಡವರಾಗಿಯೇ ಉಳಿದ ಕುಟುಂಬಗಳೂ ಕಾಗದದ ಮೇಲೆ ಬಡವರಲ್ಲವೆಂದಾದವು. ಅದರಿಂದ ಅರ್ಹರ ಪಾಲು ಕುಗ್ಗುತ್ತ, ತರಬೇತಿಗೆ ಬರುವ ನೆರವೂ ಅದರೊಡನೆ ಕುಗ್ಗುತ್ತ ಬಂದಿದೆ. ಅನೇಕ ವಿಶ್ವವಿದ್ಯಾಲಯಗಳು ತಮ್ಮ ಅಧ್ಯಾಪಕರ ಸಂಬಳ, ಕಟ್ಟಡದ ವೆಚ್ಚಗಳನ್ನೇ ತಮ್ಮ ಪಾಲೆಂದು ಲೆಕ್ಕಕ್ಕೆ ತೋರಿಸಿ ಯೋಜನೆಯನ್ನು ಉಳಿಸಿಕೊಂಡಿವೆ.

ಇಷ್ಟೆಲ್ಲ ಶ್ರಮವೇಕೆ? ಕೆಲಸ ಬೇಕಾದವರು ತಾವಾಗಿಯೇ ಓದಿ ಬರಲಿ ಎಂದರಾಗದೆ? ಇದಕ್ಕೆ ಉತ್ತರವನ್ನು ಮಗುವಿನ ಕಡೆಯಿಂದ ನೋಡಬೇಕು. ಏಳು ವರ್ಷದ ಒಂದು ಹೆಣ್ಣುಮಗುವನ್ನು ಮನೆಯಿಂದ ಅಗಲಿಸಿ ಅಪರಿಚಿತರ ಮನೆಯಲ್ಲಿ ಇರಿಸಲಾಗಿದೆಯೆಂದು ಭಾವಿಸೋಣ. ತಾಯಿ ಎಲ್ಲಿದ್ದಾಳೆ, ತಮ್ಮ ಎಲ್ಲಿದ್ದಾನೆ, ತಾನು ಮನೆಗೆ ಮರಳುವುದೆಂದು ಎಂಬ ಪ್ರಶ್ನೆಗಳನ್ನು ಕೇಳಲು ಅದಕ್ಕಿರುವ ಒಂದೇ ಆಸರೆ ವಾರಕ್ಕೋ ತಿಂಗಳಿಗೋ ಬಂದು ಹೋಗುವ ಸಮಾಜಕಾರ್ಯಕರ್ತೆ. ಮಗು ಮೊದಲ ಭೇಟಿಯಲ್ಲಿ ಬಾಯಿ ಬಿಡುವುದಿಲ್ಲ. ನಾಲ್ಕನೆಯ ಭೇಟಿಯಲ್ಲಿ ಒಂದು ಮಾತು, ಹತ್ತನೆಯ ಭೇಟಿಯಲ್ಲಿ ಇಡೀ ಕಥೆ. ಅಷ್ಟರಲ್ಲಿ ಆಕೆ ಕೆಲಸ ಬಿಟ್ಟು ಹೋಗುತ್ತಾಳೆ. ಬೇರೊಬ್ಬಳು ಕಡತ ಹಿಡಿದು ಬಂದು, ‘ನಿನ್ನ ಹೆಸರೇನಮ್ಮ?’ ಎಂದು ಮೊದಲಿನಿಂದ ಕೇಳುತ್ತಾಳೆ. ಮೂರನೆಯವಳು ಬರುವ ಹೊತ್ತಿಗೆ ಮಗು ಹೇಳುವುದನ್ನೇ ನಿಲ್ಲಿಸಿರುತ್ತದೆ. ನ್ಯಾಯಾಲಯದಲ್ಲಿ ಆ ಮಗುವಿನ ಪರವಾಗಿ ಮಾತನಾಡಬೇಕಾದವರಿಗೆ ಅದರ ಮನಸ್ಸು ತಿಳಿದೇ ಇರುವುದಿಲ್ಲ.

ಇದು ಕಲ್ಪನೆಯ ಭಯವಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯು 2003ರಲ್ಲಿ ಪ್ರಕಟಿಸಿದ ವರದಿಯಂತೆ, ಶಿಶುಕಲ್ಯಾಣ ಕಾರ್ಯಕರ್ತರು ಕೆಲಸದಲ್ಲಿ ಉಳಿಯುತ್ತಿದ್ದ ಸರಾಸರಿ ಕಾಲ ಎರಡು ವರ್ಷಕ್ಕೂ ಕಡಮೆ. ಒಬ್ಬ ಕಾರ್ಯಕರ್ತನಿಗೆ 12ರಿಂದ 15 ಮಕ್ಕಳಿಗಿಂತ ಹೆಚ್ಚು ಹೊರೆ ಕೂಡದೆಂದು ತಜ್ಞ ಸಂಸ್ಥೆಯೊಂದು ಸೂಚಿಸಿದ್ದರೆ, ವಾಸ್ತವವಾಗಿ ಸರಾಸರಿ 24ರಿಂದ 31 ಮಕ್ಕಳು ಒಬ್ಬೊಬ್ಬರ ಪಾಲಿಗಿದ್ದರು. ಕೆಲವೆಡೆ 110ರವರೆಗೂ ಇದ್ದರು. ಮಿಲ್ವಾಕಿ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಹೊರಬಂದ ಒಂದು ಅಧ್ಯಯನವನ್ನು ಈ ವಿಷಯದಲ್ಲಿ ಮತ್ತೆ ಮತ್ತೆ ಉದಾಹರಿಸುತ್ತಾರೆ. ಒಬ್ಬರೇ ಕಾರ್ಯಕರ್ತರ ಕೈಯಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ 74.5ರಷ್ಟು ಮಂದಿಗೆ ಶಾಶ್ವತ ನೆಲೆ ದೊರಕಿತೆಂದೂ, ಇಬ್ಬರ ಕೈಗೆ ಬದಲಾದ ಮಕ್ಕಳಲ್ಲಿ ಆ ಪ್ರಮಾಣ 17.5ಕ್ಕೆ ಇಳಿಯಿತೆಂದೂ ಅದು ತಿಳಿಸುತ್ತದೆ. ಬಹುಕಾಲ ಪೋಷಣೆಯಲ್ಲಿ ಉಳಿದ ಮಗುವು ಸಹಜವಾಗಿಯೇ ಹೆಚ್ಚು ಕಾರ್ಯಕರ್ತರನ್ನು ಕಾಣುವುದರಿಂದ, ಈ ಅಂತರವೆಲ್ಲವೂ ಕಾರ್ಯಕರ್ತರ ಬದಲಾವಣೆಯ ಫಲವೆಂದು ಹೇಳಲಾಗದು. ಹಾಗಿದ್ದರೂ ಕೈ ಬದಲಾದಷ್ಟೂ ಮಗುವಿಗೆ ಕೇಡೆಂಬುದನ್ನು ಅಲ್ಲಗಳೆಯುವುದು ಕಷ್ಟ.

ಆದುದರಿಂದ ಶಿಷ್ಯವೇತನದ ನಿಜವಾದ ಉದ್ದೇಶ ಬಡ ವಿದ್ಯಾರ್ಥಿಗೆ ಪದವಿ ಕೊಡಿಸುವುದಷ್ಟೇ ಅಲ್ಲ. ಮಗುವಿನ ಬಳಿ ನಿಲ್ಲುವ ಒಬ್ಬ ಮನುಷ್ಯನನ್ನು ದೊರಕಿಸುವುದು. ಸಾಲ ಮಾಡಿ ಓದಿದವನು ಸಾಲ ತೀರಿಸುವ ಅವಸರದಲ್ಲಿ ಹೆಚ್ಚು ಸಂಬಳದ ಆಸ್ಪತ್ರೆಯ ಕಡೆಗೋ ಖಾಸಗಿ ಸಲಹಾವೃತ್ತಿಯ ಕಡೆಗೋ ತಿರುಗುವುದು ಸಹಜ. ಶಿಷ್ಯವೇತನವು ಆ ಸಾಲದ ಹೊರೆಯನ್ನು ಇಳಿಸಿ, ಅದರ ಸ್ಥಾನದಲ್ಲಿ ಇನ್ನೊಂದು ಋಣವನ್ನು ಇಡುತ್ತದೆ. ಆ ಋಣವನ್ನು ಹಣದಿಂದಲ್ಲ, ಇರುವಿಕೆಯಿಂದ ತೀರಿಸಬೇಕು. ಕರಾರುಪತ್ರದಲ್ಲಿ ಸಾಲಿಗನ ಸ್ಥಾನದಲ್ಲಿ ಸರ್ಕಾರದ ಹೆಸರಿದ್ದರೂ, ನಿಜವಾದ ಸಾಲಿಗನು ಆ ಪತ್ರವನ್ನು ಓದಲೂ ಬಾರದ ಮಗು.

ಈ ಉದ್ದೇಶ ಎಷ್ಟರಮಟ್ಟಿಗೆ ಸಫಲವಾಗಿದೆ? ಲೆಕ್ಕಪರಿಶೋಧನಾ ಕಚೇರಿಯ ಅದೇ ವರದಿಯು ವಿಶ್ವವಿದ್ಯಾಲಯ ಮತ್ತು ಕಚೇರಿಗಳ ಈ ಸಹಯೋಗವನ್ನು ಭರವಸೆಯ ಉಪಾಯಗಳಲ್ಲಿ ಒಂದೆಂದು ಎಣಿಸಿತು. ಹೀಗೆ ತಯಾರಾದವರು ಕೆಲಸಕ್ಕೆ ಸಿದ್ಧತೆಯೊಡನೆ ಬರುತ್ತಾರೆಂಬುದನ್ನೂ, ಅವರಲ್ಲಿ ಬಹುಮಂದಿ ಕರಾರಿನ ಅವಧಿಯನ್ನು ಪೂರೈಸುತ್ತಾರೆಂಬುದನ್ನೂ ಅನೇಕ ಅಧ್ಯಯನಗಳು ಒಪ್ಪುತ್ತವೆ. ಆದರೆ ಅವಧಿ ಮುಗಿದ ಮೇಲೆ? ಅಲ್ಲಿ ಕರಾರಿನ ಬಲ ನಿಲ್ಲುತ್ತದೆ. ಮೇಲ್ವಿಚಾರಕರ ಬೆಂಬಲವಿಲ್ಲದೆ, ಹೊರಲಾರದ ಹೊರೆಯಿಂದ, ಮಗುವನ್ನು ನೋಡುವ ವೇಳೆಯನ್ನೆಲ್ಲ ಕಾಗದಪತ್ರಗಳು ನುಂಗುವುದರಿಂದ, ಅಲ್ಪ ಸಂಬಳದಿಂದ, ಕೆಲವೊಮ್ಮೆ ಪ್ರಾಣಭಯದಿಂದ ಒಳ್ಳೆಯವರೂ ಬಿಟ್ಟು ಹೋಗುತ್ತಾರೆ. ಶಿಷ್ಯವೇತನವು ಮನುಷ್ಯನನ್ನು ಬಾಗಿಲವರೆಗೆ ಕರೆತರಬಲ್ಲದು. ಒಳಗೆ ಉಳಿಸಿಕೊಳ್ಳುವುದು ಮನೆಯ ಯಜಮಾನಿಕೆಗೆ ಸೇರಿದ್ದು. ಸಸಿಯನ್ನು ಕೊಂಡುತಂದು ನೆಟ್ಟು ನೀರೆರೆಯದವನು ಸಸಿಯನ್ನು ಬೈದು ಫಲವಿಲ್ಲ.

ಭಾರತಕ್ಕೂ ಈ ವಿದ್ಯೆಯ ನಂಟಿದೆ. ಸಮಾಜಕಾರ್ಯವನ್ನು ಶಾಸ್ತ್ರವಾಗಿ ಕಲಿಸುವ ಮೊದಲ ಶಾಲೆಯನ್ನು 1936ರಲ್ಲಿ ಮುಂಬಯಿಯಲ್ಲಿ, ದೊರಾಬ್ಜಿ ಟಾಟಾ ಅವರ ನಿಧಿಯ ನೆರವಿನಿಂದ ಆರಂಭಿಸಿದವನು ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಶಾರ್ಟ್. 1944ರಲ್ಲಿ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯವು ಆರಂಭವಾಗಿ ಕನ್ನಡನಾಡಿನಲ್ಲಿಯೂ ಈ ವಿದ್ಯೆ ಬೇರೂರಿತು. ಇತ್ತ 2015ರ ಬಾಲನ್ಯಾಯ ಕಾಯಿದೆಯು ಜಿಲ್ಲೆಗಳಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಯನ್ನೂ, ಮಕ್ಕಳ ರಕ್ಷಣಾ ಘಟಕವನ್ನೂ ವಿಧಿಸಿದೆ. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವಾಗಬೇಕೆಂಬುದೂ ಆ ಕಾಯಿದೆಯ ತತ್ತ್ವಗಳಲ್ಲಿ ಒಂದು. ಕಾಯಿದೆಯ ಅಕ್ಷರಗಳು ಎಷ್ಟೇ ಸುಂದರವಾಗಿದ್ದರೂ, ಅವು ಮಗುವಿನ ಮನೆಯ ಬಾಗಿಲಿಗೆ ನಡೆದು ಹೋಗಲಾರವು. ಹೋಗಬೇಕಾದವನು ಮನುಷ್ಯ; ಅವನು ಕಲಿತವನೂ ನಿಲ್ಲುವವನೂ ಆಗಿರಬೇಕು.

ಕಾಯಕ ಮತ್ತು ದಾಸೋಹಗಳನ್ನು ಬೇರ್ಪಡಿಸದೆ ಕಂಡ ಶರಣರ ನಾಡಿನಲ್ಲಿ ಈ ವಿಚಾರ ಹೊಸದಾಗಿ ತೋರಬೇಕಾಗಿಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಹಾಸಿಗೆಯ ಪಕ್ಕದಲ್ಲಿ ಟ್ರಂಕನ್ನಿಟ್ಟುಕೊಂಡು ಓದಿ, ಶಿಕ್ಷಕರೂ ವೈದ್ಯರೂ ಅಧಿಕಾರಿಗಳೂ ಆದವರು ಕನ್ನಡನಾಡಿನ ಎಲ್ಲ ಜಿಲ್ಲೆಗಳಲ್ಲಿದ್ದಾರೆ. ಅವರಿಂದ ಯಾವ ಮಠವೂ ಕರಾರುಪತ್ರ ಬರೆಸಿಕೊಂಡಿರಲಿಲ್ಲ. ಪತ್ರವಿಲ್ಲದ ಋಣದಲ್ಲಿ ಒಂದು ಹಿರಿಮೆಯಿದೆ, ಒಂದು ಅಪಾಯವೂ ಇದೆ. ನೆನೆಯುವವನು ಇಡೀ ಜೀವಮಾನ ನೆನೆಯುತ್ತಾನೆ, ಮರೆಯುವವನನ್ನು ಕೇಳುವವರಿರುವುದಿಲ್ಲ. ಅಮೆರಿಕದ ವ್ಯವಸ್ಥೆಯು ಋಣವನ್ನು ಕಾಗದಕ್ಕಿಳಿಸಿ ಎರಡು ವರ್ಷಗಳ ಮಟ್ಟಿಗಾದರೂ ಮಗುವಿಗೆ ಭರವಸೆ ಕೊಡುತ್ತದೆ. ಪ್ರಸಾದ ನಿಲಯದ ಸಂಪ್ರದಾಯವು ಅದನ್ನು ಮನಸ್ಸಿಗೆ ಬಿಡುತ್ತದೆ. ಒಂದರ ನಿಶ್ಚಯವೂ ಇನ್ನೊಂದರ ಆಳವೂ ಕೂಡಿದಲ್ಲಿ ಮಗುವಿಗೆ ಸಲ್ಲಬೇಕಾದುದು ಪೂರ್ತಿಯಾಗಿ ಸಂದೀತು.

ಇಂದು ಪ್ರೌಢಶಾಲೆಯ ಹಲಗೆಯ ಮುಂದೆ ಕುಳಿತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ಮುಂದೆ ಎಂಜಿನಿಯರಿಂಗ್, ವೈದ್ಯಕೀಯಗಳಂತೆಯೇ ಸಮಾಜಕಾರ್ಯವನ್ನೂ ಓದಬೇಕಾದ ಒಂದು ವಿದ್ಯೆಯೆಂದು ಎಣಿಸುವಂತಾಗಲಿ. ಓದಲು ಅನುಕೂಲವಿಲ್ಲದವರಿಗೆ ಅದನ್ನು ಒದಗಿಸಿಕೊಡುವ ಉದಾರಿಗಳೂ ಸಂಸ್ಥೆಗಳೂ ಹೆಚ್ಚಲಿ. ಹಾಗೆ ಒದಗಿಸುವವರು ಕೊಟ್ಟ ಹಣದ ಲೆಕ್ಕದೊಡನೆ, ಅದರ ಫಲವಾಗಿ ಎಷ್ಟು ಮಕ್ಕಳ ಬಳಿ ಎಷ್ಟು ವರ್ಷ ಒಬ್ಬರು ನಿಂತರೆಂಬ ಲೆಕ್ಕವನ್ನೂ ಇಡುವಂತಾಗಲಿ.